ಅಜ್ಜಿಯ ಕಣ್ಣಿಗೆ ಎಂಟು ಕಾಲಿನ ಚಿಪ್

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಮೊನ್ನೆ ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿನಲ್ಲಿ ಆ ವಾಸನೆ ಮೂಗಿಗೆ ತಾಗಿ, ಕೈಯಲ್ಲಿದ್ದ ಕೆಲಸ ಅಲ್ಲೇ ನಿಂತಿತು. ಹೊಸಪೇಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇದೇ ವಾಸನೆಯ ಒಂದು ಅಂಗಡಿ ಇತ್ತು...

ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಬರುತ್ತಿದ್ದ ವರ್ಷಗಳವು. ಲಾರಿ ತೂಗುವ ವೇಬ್ರಿಡ್ಜ್‌ಗಳು ರಸ್ತೆಯುದ್ದಕ್ಕೂ ಎದ್ದಿದ್ದವು. ಅವುಗಳ ಎಲೆಕ್ಟ್ರಾನಿಕ್ ಬೋರ್ಡ್ ಕೆಟ್ಟರೆ ಮಾಲೀಕರು ಈ ಅಂಗಡಿಯವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಕಂಪ್ಲಿಯಿಂದ ದಿನಾ ಬಸ್ಸಿನಲ್ಲಿ ಓಡಾಡಿ ಎಂಜಿನಿಯರಿಂಗ್ ಓದುತ್ತಿದ್ದ ನಾನು ಬಿಡಿಭಾಗಗಳಿಗಾಗಿ ಅಲ್ಲಿಗೆ ಹೋಗುತ್ತಿದ್ದೆ. ಬೇಕಾದದ್ದನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ. ಮಾತಾಡುವ ಸಂಕೋಚ ಅಷ್ಟರಮಟ್ಟಿಗೆ ತಪ್ಪುತ್ತಿತ್ತು.

ಆ ವರ್ಷ ನನ್ನ ಅಜ್ಜಿಗೆ ಕಣ್ಣಿನ ಪೊರೆ ತೆಗೆಸಿದೆವು. ಅವಳ ಇನ್ನೊಂದು ಕಣ್ಣು ಬಹಳ ಹಿಂದೆಯೇ ಹೋಗಿತ್ತು, ಇದ್ದದ್ದು ಇದೊಂದೇ. ಎರಡು ಬಗೆಯ ಹನಿ, ಒಂದು ಎರಡು ಗಂಟೆಗೊಮ್ಮೆ, ಇನ್ನೊಂದು ನಾಲ್ಕು ಗಂಟೆಗೊಮ್ಮೆ. ಅಪ್ಪ ರೈಸ್ ಮಿಲ್ಲಿಗೆ, ಅವ್ವ ಶಾಲೆಗೆ ಹೋದ ಮೇಲೆ ಅಜ್ಜಿ ಮಲಗಿಕೊಂಡೇ ತಾನೇ ಹನಿ ಹಾಕಿಕೊಳ್ಳುತ್ತಿದ್ದಳು. ಆದರೆ ಗಡಿಯಾರ ಕಾಣುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಕೂಗುವ ಒಂದು ಡಬ್ಬಿ ಮಾಡಿಕೊಡುತ್ತೇನೆಂದು ನಾನು ಹೊರಟೆ. ಒಂದು ಸಲ ಕೂಗಿದರೆ ಎರಡು ಗಂಟೆಗೊಮ್ಮೆಯ, ಗುರುತಿಗೆ ದಾರ ಕಟ್ಟಿದ ಬಾಟಲಿ ಮಾತ್ರ, ಎರಡು ಸಲ ಕೂಗಿದರೆ ಎರಡೂ.

ನಲವತ್ತು ಲೋಹದ ಕಾಲುಗಳ ಮೈಕ್ರೋಕಂಟ್ರೋಲರ್ ಚಿಪ್ ಬೇಕೆಂದು ಚೀಟಿ ಕೊಟ್ಟೆ. ನಮ್ಮ ಲ್ಯಾಬಿನಲ್ಲಿ ಇದ್ದದ್ದು ಅದೇ, ನನಗೆ ಗೊತ್ತಿದ್ದದ್ದೂ ಅದೇ.

"ಎದಕ್ಕವ್ವಾ ಇದು?" ಎಂದು ಅಂಗಡಿಯವರು ಕೇಳಿದರು.

"ಕಾಲೇಜ್ ಪ್ರಾಜೆಕ್ಟಿಗೆ," ಎಂದೆ. ಮನೆಯ ವಿಷಯ ಹೊರಗಿನವರಿಗೇಕೆ ಎಂದುಕೊಂಡಿದ್ದೆ. ಅವರು ಮತ್ತೇನೂ ಕೇಳದೆ ಚಿಪ್ ಕೊಟ್ಟರು.

ಡಬ್ಬಿ ಚೆನ್ನಾಗಿಯೇ ಬಂತು. ಇನ್ನೆಷ್ಟು ನಿಮಿಷ ಉಳಿದಿದೆ ಎಂದು ತೋರಿಸಲು ಕೆಂಪು ಅಂಕಿಗಳನ್ನೂ ಕೂರಿಸಿದ್ದೆ. ಅಷ್ಟಕ್ಕೆಲ್ಲ ಬ್ಯಾಟರಿ ಸಾಲದೆಂದು ಮನೆಯ ಕರೆಂಟಿಗೇ ಜೋಡಿಸಿದೆ. ಎರಡು ದಿನ ಸರಿಯಾಗಿ ಕೂಗಿತು. ಮೂರನೆಯ ದಿನ ಬೆಳಿಗ್ಗೆಯಿಂದ ಕರೆಂಟು ಹೋಗುವುದು, ಬರುವುದು. ಕರೆಂಟು ಬಂದಾಗಲೆಲ್ಲ ಡಬ್ಬಿ ಸೊನ್ನೆಯಿಂದ ಎಣಿಸಲು ಶುರು ಮಾಡಿತು. ಎರಡು ಗಂಟೆ ಒಮ್ಮೆಯೂ ತುಂಬಲಿಲ್ಲ. ಸಂಜೆ ನಾನು ಬಂದಾಗ ಅಜ್ಜಿಯ ಕಣ್ಣು ಕೆಂಡವಾಗಿತ್ತು.

"ನಿನ್ನ ಡಬ್ಬಿ ಒದರಲಿಲ್ಲಲ್ಲ ಯವ್ವಾ, ಇನ್ನಾ ಹೊತ್ತಾಗಿಲ್ಲ ಅಂತ ಮಲಗಿದ್ದೆ," ಎಂದಳು. ದೂರುವ ದನಿಯೇನೂ ಅದರಲ್ಲಿರಲಿಲ್ಲ.

ಡಾಕ್ಟರು, ಇನ್ನೊಂದು ದಿನ ಹೀಗಾದರೆ ಕಣ್ಣಿನ ಆಸೆ ಬಿಡಬೇಕಾಗುತ್ತದೆ ಎಂದರು. ಅವ್ವ ಶಾಲೆಗೆ ಎರಡು ದಿನ ರಜೆ ಹಾಕಿದಳು. ಮೂರನೆಯ ದಿನ ಹಾಕುವಂತಿರಲಿಲ್ಲ.

ಮರುದಿನ ಚೀಟಿ ಇಲ್ಲದೆ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬೆಸುಗೆ ಹಾಕುವ ಸಲಾಕೆಯನ್ನು ಸ್ಟ್ಯಾಂಡಿಗಿಟ್ಟರು.

"ಎದಕ್ಕ ಅಂತ ನಾ ಸುಮ್ಮನ ಕೇಳಿದ್ದಿಲ್ಲವ್ವಾ. ಅಂಕಿ ಯಾರಿಗೆ ಹಚ್ಚೀದಿ? ಗಡಿಯಾರಾನ ಕಾಣದ ಮುದುಕಿಗೇನು?"

ನಾನು ತಲೆ ತಗ್ಗಿಸಿದೆ. ಅವರು ಗಾಜಿನ ಮೇಲೆ ಮೂರು ಚಿಪ್ ಇಟ್ಟರು: ನಲವತ್ತು ಕಾಲಿನದು, ಹದಿನೆಂಟರದು, ಎಂಟರದು. "ಅಂಕಿ ತಗದು ಎಣಸು, ಎಷ್ಟು ಕಾಲು ಬೇಕು?"

ಎಣಿಸಿದೆ. ಕೂಗುವುದಕ್ಕೆ ಒಂದು, ಹನಿ ಹಾಕಿಕೊಂಡೆ ಎಂದು ಒತ್ತುವ ಗುಂಡಿಗೆ ಒಂದು, ಕರೆಂಟಿಗೆ ಎರಡು, ಹೊತ್ತು ಅಳೆಯಲು ಕೈಗಡಿಯಾರದಲ್ಲಿರುವಂಥ ಹರಳಿಗೆ ಎರಡು. ಒಟ್ಟು ಆರು.

"ಎಂಟರದ್ರಾಗೂ ಎರಡು ಉಳದ್ವು ನೋಡು." ಅದನ್ನು ನನ್ನ ಕಡೆ ಸರಿಸಿದರು. "ಇದರ ದೊಡ್ಡ ಗುಣ ಅಂದ್ರ ನಿದ್ದಿ. ಹರಳು ಎಬ್ಬಿಸಿದಾಗ ಏಳತೈತಿ, ಎಣಸಿ ಮತ್ತ ಮಲಗತೈತಿ. ಮೂರು ಪೆನ್ಸಿಲ್ ಸೆಲ್ಲಿನ ಮ್ಯಾಲ ತಿಂಗಳಾನುಗಟ್ಟಲೆ ನಡೀತೈತಿ. ನಿಮ್ಮ ಕಂಪ್ಲಿ ಕರೆಂಟ್ ಇದ್ರೇನು, ಹೋದ್ರೇನು?"

ಪಕ್ಕದ ಕುರ್ಚಿಯಲ್ಲಿ ಒಬ್ಬರು ವೇಬ್ರಿಡ್ಜ್ ಮಾಲೀಕರು ಆಗಿನಿಂದ ಚಡಪಡಿಸುತ್ತಿದ್ದರು. "ಏನ್ರೀ, ಅಲ್ಲಿ ಲಾರಿ ಲೈನ್ ಹಚ್ಚಿ ನಿಂತಾವು. ನೀವು ನೋಡಿದ್ರ ಮುದುಕಿ ಗಂಟಿ ಮಾಡ್ಕೋಂತ ಕುಂತೀರಿ. ಜಲ್ದಿ ಬರ್ರಿ."

"ಲಾರಿ ನಿಂತ್ರ ಮಣ್ಣು ನಿಲ್ತೈತ್ರಿ, ಅದೇನು ಕೆಡಂಗಿಲ್ಲ. ಆ ಯಮ್ಮಗ ಇರೋದು ಒಂದ ಕಣ್ಣು. ಚಾ ಕುಡೀರಿ."

ಆ ಕಾಲದಲ್ಲಿ ಅಂಥ ಮಾಲೀಕರನ್ನು ಕಾಯಿಸುವವರನ್ನು ನಾನು ಬೇರೆ ಕಂಡಿರಲಿಲ್ಲ. ಆ ಮಾಲೀಕರು ಕಾದರು, ಎರಡು ಸಲ ಚಹಾ ಕುಡಿದರು. ಅಲ್ಲಿನ ಕಂಪ್ಯೂಟರಿನಲ್ಲೇ ನಾನು ಹೊಸದಾಗಿ ಬರೆದ ಪ್ರೋಗ್ರಾಮನ್ನು ಅಂಗಡಿಯವರು ತಾವೇ ಕಟ್ಟಿದ್ದ ಒಂದು ಸಾಧನದಿಂದ ಚಿಪ್ಪಿಗೆ ಇಳಿಸಿದರು. ಅದು ಕೂಗುತ್ತದೆಯೇ ಎಂದು ನಾನು ನೋಡುತ್ತಿದ್ದೆ, ಅವರು ನೋಡಿದ್ದು ಗುಂಡಿ ಒತ್ತದಿದ್ದರೆ ಏನಾಗುತ್ತದೆ ಎಂದು. ಒತ್ತುವವರೆಗೂ ಬಿಡದೆ ಕೂಗುವಂತೆ ಎರಡು ಸಾಲು ಸೇರಿಸಲು ಹೇಳಿದರು. ಅಜ್ಜಿಗೆ ನಿದ್ದೆ ಹತ್ತಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ. ಯಂತ್ರಕ್ಕಿಂತ ಮೊದಲು ಅದನ್ನು ಬಳಸುವವರನ್ನು ಯೋಚಿಸುವುದನ್ನು ನಾನು ಕಲಿತದ್ದು ಆ ಮಧ್ಯಾಹ್ನ, ಆ ಅಂಗಡಿಯಲ್ಲಿ ನಿಂತುಕೊಂಡು.

ಆ ಡಬ್ಬಿ ಒಂದು ಹೊತ್ತೂ ತಪ್ಪಲಿಲ್ಲ. ಕಣ್ಣಿನ ಕೆಂಪು ನಿಧಾನವಾಗಿ ಇಳಿಯಿತು. ನಾನು ಅಂಗಡಿಗೆ ಹೋದಾಗಲೆಲ್ಲ ಅವರು ಮೊದಲು ಕೇಳುತ್ತಿದ್ದುದು, "ಕಣ್ಣು ಹೆಂಗೈತಿ?"

ಹನಿ ನಿಲ್ಲಿಸಿದ ವಾರವೇ ಅಜ್ಜಿ, ಡಬ್ಬಿ ಮಾಡಿಕೊಟ್ಟವನ ಮುಖ ನೋಡಬೇಕೆಂದು ಹಟ ಹಿಡಿದಳು. ಅಂಗಡಿಗೆ ಕರೆದೊಯ್ದೆ. ಅವರ ಎದುರು ನಿಂತು, ಕತ್ತು ವಾಲಿಸಿ, ಬಹಳ ಹೊತ್ತು ನೋಡಿದಳು.

"ಏನಪಾ, ಇಷ್ಟು ಸಣಕಲು ಅದಿ? ಮನ್ಯಾಗ ಉಣ್ಣಾಕ ಹಾಕಂಗಿಲ್ಲೇನು?"

"ಆಹಾ, ಕಣ್ಣು ಚಲೋ ಬಂದೈತಿ ಬಿಡು," ಎಂದು ಅವರು ನಕ್ಕರು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬಸ್ಸಿನಲ್ಲಿ ಕಂಪ್ಲಿಯವರೆಗೂ ಅಜ್ಜಿ ಅವರ ಮುಖವನ್ನೇ ವರ್ಣಿಸಿದಳು. "ಎಡಗಡೆ ಹುಬ್ಬಿನ ಮ್ಯಾಲ ಗಾಯದ ಗುರ್ತೈತಿ, ನೋಡಿಯಿಲ್ಲ?" ನಾನು ನೋಡಿರಲಿಲ್ಲ.

ಗಣಿಗಾರಿಕೆ ನಿಂತ ಮೇಲೆ ವೇಬ್ರಿಡ್ಜ್‌ಗಳೂ ನಿಂತವು, ಆ ಅಂಗಡಿಯೂ ಮುಚ್ಚಿತು. ಅವರು ತೀರಿಕೊಂಡದ್ದು ನನಗೆ ತಿಳಿಯುವಷ್ಟರಲ್ಲಿ ವರ್ಷವೇ ಕಳೆದಿತ್ತು. ಒಂದು ಫೋಟೋ ಕೂಡ ನನ್ನಲ್ಲಿಲ್ಲ. ಕಣ್ಣು ಮುಚ್ಚಿದರೆ ಕೈಗಳು ಬರುತ್ತವೆ, ಹೆಬ್ಬೆರಳಿನ ಸುಟ್ಟ ಕಲೆ ಬರುತ್ತದೆ... ಮುಖ ಬರುವುದಿಲ್ಲ. ತಲೆ ತಗ್ಗಿಸಿಯೇ ಮಾತಾಡಿದವಳು ನಾನು. ಕೇಳೋಣವೆಂದರೆ ಅಜ್ಜಿಯೂ ಇಲ್ಲ. ಎಡ ಹುಬ್ಬಿನ ಮೇಲೊಂದು ಗಾಯದ ಗುರುತಿತ್ತು. ಅವರ ಮುಖದ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ಅಷ್ಟೇ. ಅದೂ ಅಜ್ಜಿ ನೋಡಿ ಹೇಳಿದ್ದು.