ಗೂಡು ಮಾರುವ ತನಕ

ನನ್ನ ತಂಗಿಯ ಜೊತೆ ಓಟದ ಸ್ಪರ್ಧೆಗೆ ಹೋಗಿ ಬಂದರೆ ತಲೆ ಚಿಟ್ಟು ಹಿಡಿಯುತ್ತದೆ. ಮೇಲೂರಿನ ಹೊರಗಿನ ಮಣ್ಣುದಾರಿಯಲ್ಲಿ ಬೆಳಗ್ಗೆ ಓಡುವಾಗ ಅವಳನ್ನು ಹಿಡಿಯುವವರಿಲ್ಲ. ಸ್ಪರ್ಧೆಯ ದಿನ ಮಾತ್ರ ಹೊಟ್ಟೆ ನೋವು, ಮಂಡಿ ನೋವು, ತಲೆಸುತ್ತು. "ನನ್ನ ಕೈಲಾಗಲ್ಲಕ್ಕ, ಸುಮ್ನೆ ಬಂದಿದೀವಿ" ಎಂದು ಬಸ್ಸಿನಲ್ಲಿ ಶುರು ಮಾಡಿದರೆ ಗೆರೆಯ ಮೇಲೆ ನಿಲ್ಲುವವರೆಗೂ ಅದೇ ರಾಗ. ಆಮೇಲೆ ಓಡಿ ಗೆದ್ದು ಬರುತ್ತಾಳೆ. ಹಾಗಾದರೆ ಬೆಳಗಿನಿಂದ ನನ್ನ ಪ್ರಾಣ ತಿಂದಿದ್ದೇಕೆ?

ಈ ಸಲ ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಮಟ್ಟದ ಪಂದ್ಯ. ಎಂಟುನೂರು ಮೀಟರಿನಲ್ಲಿ ಮೊದಲ ಇಬ್ಬರು ರಾಜ್ಯ ಮಟ್ಟಕ್ಕೆ ಹೋಗುತ್ತಾರೆ. ಅಪ್ಪ ಹಿಂದಿನ ವಾರವೇ ಅವಳಿಗೆ ಹೇಳಿಬಿಟ್ಟಿದ್ದರು: "ಈ ಸಲ ಸೆಲೆಕ್ಟ್ ಆಗ್ಲಿಲ್ಲಾಂದ್ರೆ ಓಟ ಗೀಟ ಸಾಕಮ್ಮ, ಸೆಕೆಂಡ್ ಪಿಯುಸಿ ಕಡೆ ನೋಡು." ಅಪ್ಪ ಹೇಳಿದರೆ ಹೇಳಿದಂತೆಯೇ. ಓಟ ನಿಂತರೆ ಇವಳು ಏನಾಗುತ್ತಾಳೋ ಎಂಬ ಭಯಕ್ಕೆ ನಾನು ಕುಡುಮಲಕುಂಟೆಯ ಕಾರ್ಖಾನೆಗೆ ರಜೆ ಹಾಕಿ ಜೊತೆಗೆ ಹೊರಟಿದ್ದೆ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಎಷ್ಟೇ ಚೆನ್ನಾಗಿ ಸೊಪ್ಪು ತಿನ್ನಲಿ, ಬಿದಿರಿನ ಚಂದ್ರಿಕೆ ತಟ್ಟೆಯ ತುಂಬ ಎಷ್ಟೇ ದುಂಡನೆಯ ಗೂಡು ಕಟ್ಟಲಿ, ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ದೃಷ್ಟಿಯಾಗುತ್ತದೆ. ಯಾರಾದರೂ "ಬೆಳೆ ಹೆಂಗೈತೆ?" ಎಂದರೆ "ಏನೋ, ಹಂಗೇ ಐತೆ, ಸುಮಾರು" ಎನ್ನಬೇಕು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಹರಾಜಾಗಿ ಅಪ್ಪ ಮನೆಗೆ ಬಂದ ಮೇಲೆ ನಮ್ಮಜ್ಜಿಯ ಬಾಯಿ ತೆರೆಯುತ್ತದೆ. ಆಮೇಲೆ ಇಡೀ ಬೀದಿಗೆ ಅದೇ ಸುದ್ದಿ. ತಂಗಿ ಆ ಅಜ್ಜಿಯ ಪಕ್ಕದಲ್ಲೇ ಮಲಗಿ ಬೆಳೆದವಳು.

ಅವಳ ಕಾಲೇಜಿನ ಪಿ.ಟಿ. ಮೇಷ್ಟ್ರು ಯಾವುದೋ ತರಬೇತಿ ಮುಗಿಸಿ ಬಂದಿದ್ದರು. ಆಟಗಾರರ ಮನಸ್ಸು, ಆತ್ಮವಿಶ್ವಾಸ ಎಂದು ಸಿಕ್ಕವರಿಗೆಲ್ಲ ಪಾಠ. ಮೊದಲ ಸುತ್ತಿನ ಓಟಕ್ಕೆ ಮುಂಚೆ ಇವಳನ್ನು ಎಲ್ಲರೆದುರು ನಿಲ್ಲಿಸಿ, "ನಾನೇ ಫಸ್ಟ್ ಬರ್ತೀನಿ ಅಂತ ಜೋರಾಗಿ ಹೇಳಮ್ಮ" ಎಂದರು. ಪಕ್ಕದಲ್ಲಿ ಚಿಂತಾಮಣಿಯ ಹುಡುಗಿಯೊಬ್ಬಳು ತನ್ನ ಪಾಡಿಗೆ ತಾನು ಅದನ್ನೇ ಗಂಟಲು ಹರಿಯುವಂತೆ ಕೂಗಿಕೊಂಡು ಕುಣಿಯುತ್ತಿದ್ದಳು. ಅವಳಿಗೆ ಅದರಿಂದ ಹುರುಪು ಬರುತ್ತಿತ್ತು, ಸರಿ. ನನ್ನ ತಂಗಿ ನನ್ನ ಮುಖ ನೋಡಿದಳು. ಹೇಳು ಎಂದು ನಾನೂ ಕಣ್ಣಲ್ಲೇ ಗದರಿದೆ. ಹೇಳಿದಳು. ಹೇಳಿದ ಮೇಲೆ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಅವಳು ಓಡಿದ್ದನ್ನು ಓಟ ಎನ್ನಲಾಗದು. ಭುಜ ಬಿಗಿಹಿಡಿದು, ತಿರುತಿರುಗಿ ಹಿಂದೆ ನೋಡುತ್ತ, ಹೇಗೋ ಕೊನೆಯವಳಾಗಿ ಫೈನಲ್‌ಗೆ ತೂರಿಕೊಂಡಳು.

"ಬಾಯಿಬಿಟ್ಟು ಹೇಳ್ಬಿಟ್ನಲ್ಲಕ್ಕ. ಇನ್ನಾಯ್ತು ಬಿಡು" ಎಂದು ನೆರಳಿನಲ್ಲಿ ಕುಸಿದು ಕೂತಳು.

ಕಪಾಳಕ್ಕೆ ಬಾರಿಸುವಷ್ಟು ಕೋಪ ಬಂತು ನನಗೆ. ಅದೇ ಹೊತ್ತಿಗೆ ಅಜ್ಜಿಯ ಫೋನು. ಇವಳು ನಡೆದದ್ದನ್ನೆಲ್ಲ ಒದರಿದಳು. ಸ್ಪೀಕರ್ ಹಾಕದಿದ್ದರೂ ಅಜ್ಜಿಯ ದನಿ ಮೈದಾನಕ್ಕೆಲ್ಲ ಕೇಳುವಂಥದ್ದು: "ಅಯ್ಯೋ ದೇವುಡಾ! ಗೂಡು ಬಿಡಿಸೋಕ್ ಮುಂಚೇನೇ ಊರಿಗೆಲ್ಲ ಹೇಳ್ಬಿಟ್ಯೇನೇ ತಾಯಿ?"

ಆಗ ನನಗೆ ಹೊಳೆಯಿತು. ಇಷ್ಟು ವರ್ಷ ನಾನು ಭಯ ಎಂದುಕೊಂಡಿದ್ದು ಭಯವೇ ಅಲ್ಲ. ಅವಳು ತನ್ನ ಕಾಲುಗಳನ್ನು ಹುಳುವಿನ ಹಾಗೆ ಕಾಯುತ್ತಿದ್ದಳು. ದೃಷ್ಟಿ ಗಿಷ್ಟಿ ನಂಬುವವಳಲ್ಲ ನಾನು. ಆದರೆ ಫೈನಲ್‌ಗೆ ಕರೆಯುತ್ತಿದ್ದರು, ವಾದಕ್ಕೆ ಸಮಯವಿರಲಿಲ್ಲ. ಮತ್ತೊಮ್ಮೆ ಕೂಗಿಸಲೆಂದು ಮೇಷ್ಟ್ರು ಉತ್ಸಾಹದಿಂದ ಬರುತ್ತಿದ್ದರು.

"ಸಾರ್, ದಮ್ಮಯ್ಯ, ಅವಳನ್ನ ಬಿಟ್ಬಿಡಿ" ಎಂದು ಅಡ್ಡ ನಿಂತೆ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ನಮ್ಮ ಬೀದಿಯ ಹೆಂಗಸರ ಹಾಗೆ ತಂಗಿಯನ್ನು ಕೇಳಿದೆ: "ಏನಮ್ಮ, ಕಾಲು ಹೆಂಗವೆ?"

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. "ಏನೋ ಅಕ್ಕ, ಹಂಗೇ ಅವೆ. ಸುಮಾರು."

"ಕೊನೇಗೆ ಬಂದ್ರೂ ಸಾಕಲ್ವಾ?"

"ಅದೂ ಆಗುತ್ತೋ ಇಲ್ವೋ."

ಮೇಷ್ಟ್ರು ಹಣೆ ಚಚ್ಚಿಕೊಂಡರು. ತಂಗಿಯ ಭುಜ ಸಡಿಲವಾಯಿತು. ಮಂಡಿ ನೋವು, ಹೊಟ್ಟೆ ನೋವು ಎಲ್ಲ ಮತ್ತೆ ಶುರುವಾದವು. ಬೆಳಗಿನಿಂದ ಕೇಳಲಾಗದೆ ಸಿಡುಕಿದ್ದ ಆ ಗೋಳು ಈಗ ಕಿವಿಗೆ ಹಿತವಾಗಿತ್ತು.

ಫೈನಲ್‌ನಲ್ಲಿ ಅರ್ಧ ದೂರ ಎಲ್ಲರ ಹಿಂದೆ, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಓಡಿದಳು. ನಾನು ಹಗ್ಗ ಹಿಡಿದುಕೊಂಡು ಮನಸ್ಸಿನಲ್ಲೇ ಬೈಯುತ್ತಿದ್ದೆ. ಕೊನೆಯ ತಿರುವಿನಲ್ಲಿ ಒಬ್ಬೊಬ್ಬರನ್ನೇ ದಾಟಿದಳು. ಚಿಂತಾಮಣಿಯ ಹುಡುಗಿ ಮೊದಲು ಬಂದಳು, ಅವಳ ಬೆನ್ನಿಗೇ ಇವಳು. ಎರಡನೇ ಸ್ಥಾನ. ಆಯ್ಕೆಯಾದಳು. ನಾನು ಅತ್ತೆ. ಮೇಷ್ಟ್ರು ಮಾತ್ರ ತಮ್ಮ ತರಬೇತಿಯ ಫಲ ಎಂದು ಎಲ್ಲರ ಕೈ ಕುಲುಕಿದರು. ಕುಲುಕಿಕೊಳ್ಳಲಿ ಎಂದು ಬಿಟ್ಟೆ.

ವಾಪಸ್ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮೂರ ಹೆಂಗಸೊಬ್ಬರು ಹಿಂದಿನ ಸೀಟಿನಿಂದ, "ಓಟ ಏನಾಯ್ತಮ್ಮ?" ಎಂದು ನನ್ನನ್ನು ಕೇಳಿದರು. ಅಂತೂ ಈ ವಿದ್ಯೆ ಕಲಿತೆನಲ್ಲ ಎಂದು ನಾನು ಜಾಣತನದಿಂದ, "ಏನೋ, ಹಂಗೇ ಆಯ್ತು, ಸುಮಾರು" ಎಂದೆ.

ಕಿಟಕಿಗೆ ತಲೆಯಿಟ್ಟಿದ್ದ ತಂಗಿ ಸರ್ರನೆ ತಿರುಗಿದಳು. ಕಣ್ಣಲ್ಲಿ ನೀರು.

"ಗೂಡು ಮಾರಾಯ್ತಲ್ಲಕ್ಕ! ಈಗ್ಲಾದ್ರೂ ಚೆನ್ನಾಗಿ ಓಡ್ದೆ ಅಂತ ಹೇಳಕ್ಕ."

ನಾನು ಎದ್ದು ನಿಂತು, ಮುಂದಿದ್ದ ಡ್ರೈವರಿಗೂ ಕೇಳುವಂತೆ ಹೇಳಿದೆ.