ಕೂಳೆ ಹೊಲದ ಗೌಡ್ತಿ

ಎರಡು ಹಸು, ಒಂದು ಎತ್ತು. ಗೌಡ್ತಿ ಹೇಳಿದ ನಿಜವನ್ನು ವ್ಯಾಪಾರದ ಮಾತೆಂದು ತಿಳಿದದ್ದಕ್ಕೆ ನಾನು ತೆತ್ತ ಬೆಲೆ ಇಷ್ಟು.

ಬೇಸಿಗೆ ಬಂತೆಂದರೆ ಆಕೆ ಬಲಗೈಯ ಬಳೆಗಳನ್ನೆಲ್ಲ ತೆಗೆದು ಎಡಗೈಗೆ ಏರಿಸಿಕೊಳ್ಳುತ್ತಿದ್ದರು. ಬಲಗೈ ಮೊಣಕೈವರೆಗೂ ಹುಲ್ಲು ಗೀರಿದ ಗೆರೆಗಳು. ದಿನಾ ಬೆಳಿಗ್ಗೆ ಆ ಕೈಯನ್ನು ಬಣವೆಯೊಳಗೆ ತೂರಿಸಿ, ಒಳಗೆ ಬಿಸಿಯಿದೆಯೋ, ಮುಗ್ಗಲು ಹಿಡಿದಿದೆಯೋ ನೋಡಿದ ಮೇಲೆಯೇ ಹುಲ್ಲು ಹಿರಿಯುವುದು. ಮುತ್ತೈದೆ ಬರಿಗೈಯಲ್ಲಿ ಓಡಾಡಬಾರದೆಂದು ಓಣಿಯ ಹೆಂಗಸರು ಅಂದರೆ, "ಬಳೆ ಚೂರು ದನದ ಹೊಟ್ಟೆಗೆ ಹೋದ್ರೆ ನೀವು ಬಂದು ತೆಗೀತೀರೇನ್ರೇ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಗಂಡ ಊರಿನ ಗೌಡರು. ಹಟ್ಟಿಯ ಹಸು, ಎಮ್ಮೆ, ಕುರಿಗಳ ಕಾರುಬಾರೆಲ್ಲ ಆಕೆಯದೇ.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ಕುಪ್ಪಗಡ್ಡೆ ಕಡೆಯವನಾದ ನಾನು ಒಂದು ಕರುವಿನಿಂದ ಶುರುಮಾಡಿ ಒಂಬತ್ತು ದನ ಮಾಡಿಕೊಂಡಿದ್ದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರಿಲ್ಲ ಎಂಬ ಹಮ್ಮೂ ಇತ್ತು. ಅವಸರದಲ್ಲಿ ಹಸಿ ಹುಲ್ಲನ್ನೇ ಒಟ್ಟಿದ್ದರಿಂದ ಆ ವರ್ಷ ನನ್ನ ಬಣವೆ ಒಳಗಿಂದ ಕೊಳೆತುಹೋಗಿತ್ತು. ಗೋಮಾಳದಲ್ಲಿ ಮಣ್ಣು ಬಿಟ್ಟರೆ ಏನೂ ಇಲ್ಲ. ಮಳೆಗಾಲಕ್ಕೆ ಮುಂಚೆ ಎತ್ತಿನ ಜೋಡಿ ಸೋತರೆ ಗದ್ದೆ ಬೀಳು. ಪಕ್ಕೆಲುಬು ಎದ್ದ ದನಗಳನ್ನು ಎರಡು ದಿನ ನಡೆಸಿಕೊಂಡು ಬಳ್ಳಿಗಾವಿ ಹತ್ತಿರದ ಗೌಡ್ತಿಯ ಮನೆಗೆ ಬಂದೆ. ಜೋಳ ಕೊಯ್ದ ಹೊಲದಲ್ಲಿ ಮೇಯಿಸುವುದು, ಬದಲಿಗೆ ದನಗಳನ್ನು ಅಲ್ಲೇ ಕೂರಿಸಿ ಹೊಲಕ್ಕೆ ಗೊಬ್ಬರ ಬೀಳಿಸುವುದು, ಇದು ಮಾತು.

ಹೊಲ ಎರಡು. ಮೇಲಿನದರಲ್ಲಿ ಒಣಗಿದ ಕೂಳೆ, ಅಂದರೆ ಕೊಯ್ದುಳಿದ ಬುಡ. ಕೆಳಗಿನದರಲ್ಲಿ ಎರಡು ಅಡ್ಡಮಳೆ ಬಿದ್ದು ಕೂಳೆಯೆಲ್ಲ ಗೇಣುದ್ದ ಚಿಗುರಿತ್ತು. ಅದಕ್ಕೆ ಮುಳ್ಳಿನ ಬೇಲಿ.

"ಕೆಳಗಿನ್ದು ಬ್ಯಾಡ್ರಿ ತಮ್ಮಾ. ಜೋಳದ ಚಿಗುರು ದನಕ್ಕಾಗಲ್ಲ, ನಂಜು" ಅಂದರು.

ನಮ್ಮ ಕಡೆ ಭತ್ತದ ಕೂಳೆ ಚಿಗುರಿದರೆ ದನಕ್ಕೆ ಹಬ್ಬ. ಹಸಿರು ನಂಜು ಎಂದರೆ ನಂಬುವುದು ಹೇಗೆ? ತಮ್ಮ ಕುರಿಗೆ ಉಳಿಸಿಕೊಂಡಿದ್ದಾರೆ, ಇಲ್ಲವೇ ನನ್ನ ಕೈಯಲ್ಲಿ ಇನ್ನಷ್ಟು ಕಕ್ಕಿಸಲು ನೋಡುತ್ತಿದ್ದಾರೆ ಅಂದುಕೊಂಡೆ.

"ಒಂದು ವಾರ ಹೆಚ್ಚಿಗೆ ಕೂರಿಸ್ತೀನಿ ಅಮ್ಮಾರೆ."

"ಬ್ಯಾಡ."

"ಹೋಗ್ಲಿ, ಮೂರು ವಾರ ಕೂರಿಸ್ತೀನಿ. ಇನ್ನೇನು ಕೇಳ್ತೀರಿ?"

"ನೀವು ಹೆಣ ಹೊರೋರ ಹತ್ರಾನೂ ಚೌಕಾಸಿ ಮಾಡೋರು. ಇದು ಅದಲ್ಲ. ಬ್ಯಾಡ ಅಂದ್ರೆ ಬ್ಯಾಡ."

ನಾನು ನಕ್ಕೆ.

ಎಂಟು ದಿನಕ್ಕೆ ಮೇಲಿನ ಹೊಲ ಬರಿದಾಯಿತು. ಆಕೆ ಶಿಕಾರಿಪುರದ ಸಂತೆಗೆ ಹೋದ ದಿನ ದನಗಳು ಬೇಲಿಯ ಮೇಲೆ ಕತ್ತು ಚಾಚಿ ಕೂಗುತ್ತಿದ್ದವು. ನೋಡಲಾರದೆ ಮುಳ್ಳು ಸರಿಸಿದೆ. ಕೊಡುಕೊಳ್ಳುವುದನ್ನು ಆಮೇಲೆ ಸರಿಮಾಡಿಕೊಂಡರಾಯಿತು ಎಂದಿತ್ತು ಮನಸ್ಸಿನಲ್ಲಿ.

ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಕಂದು ಹಸು ನಡುಗಿತು. ಬಾಯಲ್ಲಿ ನೊರೆ, ಮುಂಗಾಲು ಮಡಿಸಿ ಬಿತ್ತು. ಅದರ ಪಕ್ಕದ್ದೂ ಬಿತ್ತು. ಮಿಕ್ಕವನ್ನು ಹೊಡೆದೆ, ಬಾಲ ಹಿಡಿದೆಳೆದೆ. ಹಸಿದ ದನ, ಹಸಿರು ಬಿಟ್ಟು ಕದಲಲಿಲ್ಲ. ನಾನು ಯಾರನ್ನು ಕೂಗಿದೆನೋ ನನಗೇ ಗೊತ್ತಿಲ್ಲ.

ಸಂತೆಯಿಂದ ಬರುತ್ತಿದ್ದ ಗೌಡ್ತಿ ಬುಟ್ಟಿ ಹೊತ್ತೇ ಓಡಿ ಬಂದರು. ಒಂದು ಮಾತೂ ಬೈಯಲಿಲ್ಲ.

"ನಿಂತಿರೋವು ಹಿಡೀರಿ. ಬಿದ್ದಿದ್ದರ ಕಡೆ ನೋಡ್ಬ್ಯಾಡ್ರಿ."

ಇಬ್ಬರೂ ಸೇರಿ ಉಳಿದವನ್ನು ಹೊರಗೆ ಹೊಡೆದೆವು. ಸಂತೆಯ ಬೆಲ್ಲವನ್ನೆಲ್ಲ ಕೊಡದ ನೀರಿನಲ್ಲಿ ಕಿವುಚಿ, ಬಿದಿರಿನ ಗೊಟ್ಟದಲ್ಲಿ ಒಂದೊಂದರ ಗಂಟಲಿಗೂ ಹೊಯ್ದರು. ಜೋಡಿಯ ಎಡಗಡೆಯ ಎತ್ತು ಗೊಟ್ಟ ಬಾಯಲ್ಲಿರುವಾಗಲೇ ಕುಸಿಯಿತು. ಆರು ಉಳಿದವು. ಬೆಲ್ಲದಿಂದಲೋ, ಕಡಿಮೆ ತಿಂದದ್ದರಿಂದಲೋ, ಇವತ್ತಿಗೂ ಹೇಳಲಾರೆ.

ಒಂಟಿ ಎತ್ತು ಸತ್ತ ಜೊತೆಗಾರನನ್ನು ಮೂಸುತ್ತ ನಿಂತಿತ್ತು. "ಊರಿಗೆ ಯಾವ ಮುಖ ಇಟ್ಕಂಡು ಹೋಗ್ಲಿ ಅಮ್ಮಾರೆ" ಅಂದೆ. ಆಕೆ ಮಣ್ಣಿನಲ್ಲೇ ಪಕ್ಕಕ್ಕೆ ಕೂತರು.

"ನಮ್ಮತ್ತೆ ನಂಗೂ ಹೇಳಿದ್ರು. ಮುದುಕಿಗೆ ದರ್ಬಾರು ಮಾಡೋ ಚಟ ಅಂದ್ಕಂಡೆ. ನಾಕು ಎಮ್ಮೆ ಹೋದ್ವು."

ಮಾರನೆಯ ದಿನದಿಂದ ಮಳೆ ಹಿಡಿಯುವವರೆಗೆ ಅವರ ಬಣವೆಯಿಂದಲೇ ನನ್ನ ದನಕ್ಕೂ ಪಾಲು ಬಂತು. ಮೊದಲು ಉಳುವ ಎತ್ತಿಗೆ, ಆಮೇಲೆ ಗಬ್ಬದ ಹಸುವಿಗೆ, ಉದುರಿದ್ದು ಕುರಿಗೆ. ಪ್ರತಿಯಾಗಿ ಏನು ಕೊಡಲಿ ಎಂದರೆ, "ಬಾಯಿ ಮುಚ್ಕಂಡು ಹುಲ್ಲು ಹಿರೀರಿ" ಎನ್ನುವರು. ಹೊರಡುವಾಗ ಅರ್ಧ ಪಳಗಿದ ಹೋರಿಯೊಂದನ್ನು ನನ್ನ ಒಂಟಿ ಎತ್ತಿನ ಜೊತೆ ಕಟ್ಟಿ ಕಳಿಸಿದರು. ಗದ್ದೆ ಬೀಳು ಬೀಳಲಿಲ್ಲ. ಮರುವರ್ಷ ಹೋರಿಯನ್ನು ಹಿಂದಕ್ಕೆ ಹೊಡೆದುಕೊಂಡು ಹೋದಾಗ ಆಕೆ ಇರಲಿಲ್ಲ. ಮೂರು ದಿನದ ಜ್ವರವಂತೆ. ಕೊಟ್ಟಿಗೆಯಲ್ಲಿ ಹೋರಿ ಕಟ್ಟಿ, ಕೊಟ್ಟ ನೀರನ್ನೂ ಕುಡಿಯಲಾಗದೆ ಎದ್ದು ಬಂದೆ.

ಮೇವು ಹುಡುಕಿಕೊಂಡು ಹೋಗುವವರಿಗೆ ನನ್ನ ಮಾತು ಇಷ್ಟೇ. ಯಾರಾದರೂ ಬೇಡ ಅಂದರೆ, ಹಾಗೆನ್ನುವುದರಿಂದ ಅವರಿಗೇನು ಸಿಗುತ್ತದೆ ನೋಡಿ. ಏನೂ ಸಿಗುವುದಿಲ್ಲವೆಂದರೆ ಕಣ್ಣು ಮುಚ್ಚಿ ನಂಬಿ. ಜೋಳದ ಕೂಳೆ ಚಿಗುರಿದ್ದರೆ ತೆನೆ ಕಾಣುವವರೆಗೆ ದನ ಬಿಡಬೇಡಿ. ಹಸಿದ ದನವನ್ನಂತೂ ಒಣಹುಲ್ಲು ಹಾಕದೆ ಹೊಸ ಹೊಲಕ್ಕೆ ಇಳಿಸಲೇಬೇಡಿ. ಹುಲ್ಲು ಇಲ್ಲವೇ? ಹೊಲದವರನ್ನು ಒಂದು ಹೊರೆ ಕೇಳಿ, ಸುಮ್ಮನೆ ಕೇಳಿ. ಆವತ್ತು ಬೆಳಿಗ್ಗೆ ನಾನು ಕೇಳಿದ್ದರೆ ಗೌಡ್ತಿ ಕೊಡುತ್ತಿದ್ದರು.