ಮುನಿಸಿಗೆ ಮಣೆ ಹಾಕದವರು

ಮೊನ್ನೆ ಅಜ್ಜಂಪುರದಲ್ಲಿ ಬಸ್ಸಿಳಿದು ನೆಂಟರ ಮನೆಗೆ ನಡೆದು ಹೋಗುತ್ತಿದ್ದಾಗ ಯಾರದೋ ಅಡುಗೆಮನೆಯಿಂದ ಹುರುಳಿಕಾಳು ಬೇಯುವ ವಾಸನೆ ಬಂತು. ಕಾಲು ತಾನಾಗಿ ನಿಂತಿತು. ಮದುವೆಯಾದ ಹೊಸದರಲ್ಲಿ ಕಡೂರಿನ ನಮ್ಮ ಬಾಡಿಗೆ ಮನೆಗೆ ಪಕ್ಕದ ಗೋಡೆ ದಾಟಿ ಬರುತ್ತಿದ್ದದ್ದು ಇದೇ ವಾಸನೆ. ಗೋಡೆಯ ಆಚೆ ಅವರಿದ್ದರು... ಟೀಚರಮ್ಮ.

ಶಾಲೆಯ ಟೀಚರ್ ಅಲ್ಲ. ನಮ್ಮ ಸಣ್ಣ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಯೇಸುಸ್ವಾಮಿಯ ಕಥೆ ಹೇಳಿ ಹಾಡು ಕಲಿಸುತ್ತಿದ್ದರು, ಅಷ್ಟೆ. ಆದರೆ ಓಣಿಯ ಲಿಂಗಾಯತರ ಮನೆಯವರಿಗೂ, ತರಕಾರಿ ಗಾಡಿಯವನಿಗೂ ಅವರು ಟೀಚರಮ್ಮನೇ. ಗಂಡ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದಳು. ನಾನು ತವರು ನೆನೆದು ಮುಖ ಸಣ್ಣ ಮಾಡಿಕೊಂಡು ಕೂತಿದ್ದರೆ ಬಸ್ಸಾರಿನ ಪಾತ್ರೆ ಹಿಡಿದು ಒಳಗೆ ಬರುತ್ತಿದ್ದರು. "ಏನಮ್ಮಾ, ಇವತ್ತೂ ಅಳೋ ಕಾರ್ಯಕ್ರಮ ಇದ್ಯಾ? ಮೊದ್ಲು ಉಣ್ಣು, ಆಮೇಲೆ ಅಳು."

ಆ ಮಗಳಿಗೆ ಜ್ವರ ಬಂತು. ಡೆಂಗಿ ಅಂದರು. ಟೀಚರಮ್ಮ ಆಸ್ಪತ್ರೆಯ ವರಾಂಡದಲ್ಲಿ ಉಪವಾಸ ಕೂತು ಬೇಡಿಕೊಂಡರು. ಇತ್ತ ಕಡೂರಿನಲ್ಲಿ ನಮ್ಮ ಚರ್ಚಿನ ಇಡೀ ಸಭೆ ಪ್ರಾರ್ಥನೆಗೆ ಮೊಣಕಾಲೂರಿತು. ಹುಡುಗಿ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಆ ಅಡುಗೆಮನೆ ತಣ್ಣಗಾಯಿತು. ಮೊದಮೊದಲು ಚರ್ಚಿಗೆ ಬರುತ್ತಿದ್ದರು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಅವರು ಮಾತ್ರ ಎದುರಿನ ಗೋಡೆಯನ್ನು ದಿಟ್ಟಿಸುತ್ತಿದ್ದರು, ಯಾರೊಂದಿಗೋ ಮಾತು ಬಿಟ್ಟವರ ಹಾಗೆ. ಮಕ್ಕಳ ತರಗತಿ ನಿಲ್ಲಿಸಿದರು. ಸಭೆಯ ಪಾದ್ರಿ ಅಯ್ಯನವರು ಮನೆಗೇ ಬಂದು ಕೇಳಿದಾಗ, "ದೇವರು ಒಳ್ಳೇವನು ಅಂತ ಆ ಕೂಸುಗಳಿಗೆ ಹೇಳೋಕೆ ನಾಲಿಗೆ ಏಳ್ತಿಲ್ಲ, ಅಯ್ಯನೋರೇ" ಅಂದರು. ಆಮೇಲೆ ಚರ್ಚಿಗೆ ಬರುವುದನ್ನೂ ಬಿಟ್ಟರು. ನಾನು ಊಟ ಕೊಟ್ಟು ಬರುತ್ತಿದ್ದೆ. ಅವರು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಧೈರ್ಯವಾಗುತ್ತಿತ್ತು...

ಆ ದಿನಗಳಲ್ಲೇ ಸಖರಾಯಪಟ್ಟಣದಿಂದ ಅವರ ಅಕ್ಕ ಬಂದರು. ನಾನು ಕಾಫಿ ತೆಗೆದುಕೊಂಡು ಹೋದಾಗ ಅವರು ತಡೆಯಲಾರದೆ ಹೇಳುತ್ತಿದ್ದರು: "ಬಿಟ್ಬಿಡೇ ಆ ದೇವರನ್ನ. ಹೊಟ್ಟೆ ಉರಿಸಿದ್ದು ಸಾಲ್ದಾ? ಅಷ್ಟು ಬೇಡ್ಕೊಂಡ್ರೂ ಕಿವಿಗೆ ಹತ್ತಿ ಇಟ್ಕೊಂಡು ಕೂತ್ಬಿಟ್ಟ. ಕಲ್ಲು ಮನಸ್ಸಿನೋನು!"

ಟೀಚರಮ್ಮ ದಡಕ್ಕನೆ ಎದ್ದು ನಿಂತರು.

"ಸಾಕಕ್ಕಾ! ನನ್ನಪ್ಪ ಅವನು. ನಾನು ಜಗಳ ಆಡ್ತೀನಿ, ಮಾತು ಬಿಡ್ತೀನಿ. ಮಧ್ಯೆ ನೀನ್ಯಾರು ಅವನನ್ನ ಅನ್ನೋಕೆ?"

ಅಕ್ಕ ಬೆಪ್ಪಾದರು. ಟೀಚರಮ್ಮನಿಗೂ ತಾವಾಡಿದ್ದು ಆಗಲೇ ಕೇಳಿಸಿತೆಂದು ಕಾಣುತ್ತದೆ. "ನನ್ನಪ್ಪ..." ಎಂದು ಇನ್ನೊಮ್ಮೆ ಮೆಲ್ಲಗೆ ಅಂದರು. ಹಾಗೇ ನೆಲಕ್ಕೆ ಕುಸಿದು, ಮಗಳು ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತರು. "ಯಾಕಪ್ಪಾ ಕರ್ಕೊಂಡೆ? ಹೇಳಪ್ಪಾ... ಯಾಕೆ?" ಅಕ್ಕ ತಬ್ಬಿಕೊಂಡರು. ನಾನು ಕಾಫಿ ಲೋಟ ಹಿಡಿದೇ ನಿಂತಿದ್ದೆ. ಅಷ್ಟು ದಿನದ ಮೇಲೆ ಅವರು ಪ್ರಾರ್ಥನೆ ಮಾಡುತ್ತಿದ್ದಾರೆಂದು ಹೊಳೆಯಲು ನನಗೆ ತುಸು ಹೊತ್ತು ಬೇಕಾಯಿತು.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಮುಂದಿನ ಭಾನುವಾರ ಬಂದು ಕೊನೆಯ ಸಾಲಿನಲ್ಲಿ ಕೂತು, ಅರ್ಧಕ್ಕೇ ಎದ್ದು ಹೋದರು. ಅದರ ಮುಂದಿನ ವಾರ ಮುಗಿಯುವವರೆಗೂ ಕೂತರು. ಒಂದು ಮಧ್ಯಾಹ್ನ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ, "ಈಗ ಸಿಟ್ಟು ಹೋಯ್ತಾ?" ಎಂದು ಕೇಳಿಬಿಟ್ಟೆ.

"ಎಲ್ಲಿ ಹೋಗ್ತದೆ? ದಿನಾ ಬಾಗಿಲಿಗೆ ಬತ್ತದೆ. ಬರ್ಲಿ ಕಣಮ್ಮಾ. ಕರ್ದು ಮಣೆ ಹಾಕ್ಬಾರ್ದು ಅಷ್ಟೆ. ಹಾಕಿದ್ನಲ್ಲ, ನೀನೇ ನೋಡಿದ್ಯಲ್ಲ... ಒಳಗೆ ಕೂತ್ಕೊಂಡು ನನ್ನ ಮಗಳ ನಗೂನೂ ಮರೆಸಿಬಿಟ್ಟಿತ್ತು. ಈಗ ಸಿಟ್ಟು ಬಂದ್ರೆ ಅವನಿಗೇ ಹೇಳ್ಬಿಡ್ತೀನಿ. ಬೆನ್ನು ಮಾತ್ರ ತಿರುಗಿಸಲ್ಲ."

ಕ್ರಿಸ್ಮಸ್ ಹತ್ತಿರವಾದಾಗ ಮತ್ತೆ ಮಕ್ಕಳ ತರಗತಿಗೆ ಬಂದರು. ಒಬ್ಬ ಪೋರ ನೇರವಾಗಿ ಕೇಳಿದ: "ಟೀಚರ್, ನಿಮ್ಮ ಮಗಳನ್ನ ದೇವರು ಯಾಕೆ ವಾಸಿ ಮಾಡ್ಲಿಲ್ಲ?" ಬಾಗಿಲಲ್ಲಿದ್ದ ನಾನು ಅವನನ್ನು ತಡೆಯಲು ಒಳಗೆ ಹೆಜ್ಜೆಯಿಟ್ಟೆ. ಟೀಚರಮ್ಮ ಅವನನ್ನು ಹತ್ತಿರ ಎಳೆದುಕೊಂಡರು. "ಗೊತ್ತಿಲ್ಲ ಕಣೋ ಮರಿ. ನಾನೂ ಕೇಳ್ತಾ ಇದ್ದೀನಿ. ಬಾ, ಈಗ ಹಾಡು ಹೇಳಣ." ಎರಡನೇ ಸಾಲಿಗೆ ಅವರ ದನಿ ಒಡೆಯಿತು. ಉಳಿದದ್ದನ್ನು ಮಕ್ಕಳೇ ಹಾಡಿ ಮುಗಿಸಿದವು.

ನಾವು ತರೀಕೆರೆಗೆ ಬಂದು ವರ್ಷಗಳಾದವು. ಹೋದ ವರ್ಷ ಟೀಚರಮ್ಮ ನಿದ್ದೆಯಲ್ಲೇ ಹೋಗಿಬಿಟ್ಟರು. ನಾನು ಕಡೂರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಎಲ್ಲರೂ ಚದುರಿದ್ದರು. ಮುಖ ನೋಡಲಾಗಲಿಲ್ಲ ಎನ್ನುವ ನೋವು ಇನ್ನೂ ಹಾಗೇ ಇದೆ.

ತರೀಕೆರೆಯ ನಮ್ಮ ಸಭೆಯಲ್ಲಿ ಚಿಕ್ಕ ವಯಸ್ಸಿನವಳೊಬ್ಬಳು ಈಚೆಗೆ ಗಂಡನನ್ನು ಕಳೆದುಕೊಂಡು ಚರ್ಚಿಗೆ ಬರುವುದನ್ನು ಬಿಟ್ಟಿದ್ದಾಳೆ. ಈ ಭಾನುವಾರ ಬೆಳಗ್ಗೆ ಅವಳ ಮನೆಗೆ ಹೋದೆ. "ಬರಲ್ಲ ಅಕ್ಕಾ. ಅಲ್ಲಿ ಕೂತ್ರೆ ದೇವರ ಹತ್ರ ಜಗಳ ಆಡ್ಬೇಕು ಅನ್ಸುತ್ತೆ" ಅಂದಳು. ಟೀಚರಮ್ಮ ಇದ್ದಿದ್ದರೆ ಒಂದು ಫೋನ್ ಮಾಡಿ ಕೇಳಬಹುದಿತ್ತು... ಇನ್ನು ಯಾರನ್ನು ಕೇಳಲಿ?

"ಸರಿ, ಬಂದು ಜಗಳಾನೇ ಆಡು. ನಾನು ಪಕ್ಕದಲ್ಲಿ ಕೂತಿರ್ತೀನಿ" ಅಂದೆ.

ಅವಳು, "ಇರಿ ಅಕ್ಕಾ, ಸೀರೆ ಬದಲಾಯಿಸ್ಕೊಂಡು ಬತ್ತೀನಿ" ಎಂದು ಒಳಗೆ ಹೋದಳು.